ಕೌದಿಯ ಹೊಟ್ಟೆ

ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ ಲಾಟೀನಿನ ಗಾಜು ಒರೆಸಲು ಒಂದು ಚೂರು ಅರಿವೆ ಸಿಗುತ್ತಿರಲಿಲ್ಲ ಎಂದರೆ ನೀವು ನಮ್ಮನ್ನು ಕಡುಬಡವರೆಂದು ತಿಳಿಯಬಹುದು. ಹಾಗೇನಿಲ್ಲ. ನಾವು ಆಗ ತಾನೇ ಶ್ರೀಮಂತರಾಗಿದ್ದೆವು. ಅಡುಗೆಮನೆಯ ಹಲಗೆಯ ಮೇಲೆ ಸ್ಟೀಲಿನ ಡಬ್ಬಿಗಳು ಎತ್ತರದ ಪ್ರಕಾರ ಸಾಲಾಗಿ, ಶಾಲೆಯ ಪ್ರಾರ್ಥನೆಗೆ ನಿಂತ ಹುಡುಗರ ಹಾಗೆ ನಿಂತಿದ್ದವು. ಪ್ರತಿಯೊಂದರ ಮೇಲೂ ನನ್ನ ಹೆಸರು ಕೊರೆಸಿದ್ದೆ. ದೊಡ್ಡ ಡಬ್ಬಿಗಳ ಮೇಲೆ ಜಾಗ ಉಳಿದದ್ದರಿಂದ ಬಿ.ಎಸ್ಸಿ., ಬಿ.ಎಡ್. ಎಂದೂ ಕೊರೆಸಿದೆ. ಜೋಳದ ಹಿಟ್ಟಿಗೆ ಪದವಿ ಯಾಕೆ ಎಂದು ಹೆಂಡತಿ ಗಂಗಮ್ಮ ಕೇಳಿದ್ದಳು. ನಾನು ಪತ್ರಿಕೆ ಓದಲು ಕೂತೆ.

ನಾನು ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಾಸ್ತರ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ವರ್ಷಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಹಳೆಯ ಬಟ್ಟೆಗೆ ಸ್ಟೀಲ್ ಸಾಮಾನು ಎಂದು ಕೂಗುತ್ತ ಓಣಿಗೆ ಬರುತ್ತಿದ್ದರು. ಹರಿದ ಸೀರೆ, ಮಾಸಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಏನು ಕೊಟ್ಟರೂ ಕೊನೆಗೆ ಅದು ಹೊಳೆಯುವ ಪಾತ್ರೆಯಾಗಿ ತಿರುಗಿ ಬರುತ್ತಿತ್ತು. ಇದಕ್ಕಿಂತ ದೊಡ್ಡ ರಸವಿದ್ಯೆಯನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಕಂಡಿರಲಿಲ್ಲ. ಗಂಗಮ್ಮ ಎರಡು ಹಳೆಯ ಸೀರೆಗಳನ್ನು ಹಿಂದಿಟ್ಟುಕೊಂಡಾಗ ನಾನೇ ಅವನ್ನು ತೆಗೆದು ಬುಟ್ಟಿಗೆ ಹಾಕಿದೆ. ಹಳತನ್ನು ಹಿಡಿದುಕೊಂಡರೆ ದೇಶ ಮುಂದೆ ಹೋಗುವುದು ಹೇಗೆ ಎಂದು ಸಣ್ಣ ಭಾಷಣವನ್ನೂ ಮಾಡಿದೆ. ಆ ದಿನ ದೇಶ ಕಾಲು ಕಿಲೋ ಸಕ್ಕರೆ ಹಿಡಿಯುವ ಒಂದು ಡಬ್ಬಿಯಷ್ಟು ಮುಂದೆ ಹೋಯಿತು.

ನಮ್ಮದು ಹತ್ತಿ ಬೆಳೆಯುವ ಸೀಮೆ. ಕಲ್ಲೂರು, ಬಾಗಲವಾಡದ ಕಡೆಯಿಂದ ಹತ್ತಿ ಹೇರಿದ ಬಂಡಿಗಳು ರಾಯಚೂರಿಗೆ ಹೋಗುತ್ತಿದ್ದವು, ಅದೇ ರಾಯಚೂರಿನಿಂದ ನಮಗೆ ಟೆರಿಲಿನ್ ಬರುತ್ತಿತ್ತು. ನಾಡಿಗೆಲ್ಲ ಹತ್ತಿ ಕೊಟ್ಟು, ಕಲ್ಲು ಕಾಯುವ ಬೇಸಿಗೆಯಲ್ಲಿ ನಾವು ಟೆರಿಲಿನ್ ಅಂಗಿ ತೊಟ್ಟು ಬೇಯುತ್ತಿದ್ದೆವು. ಇಸ್ತ್ರಿ ಕೆಡುವುದಿಲ್ಲ ಎಂಬುದು ನಮ್ಮ ಸಮಾಧಾನ. ಅಂಗಿಯ ಒಳಗಿದ್ದವನು ಕೆಡುತ್ತಿದ್ದ, ಅಷ್ಟೇ.

ಹೀಗಿರುವಾಗ ದೇವದುರ್ಗಕ್ಕೆ ಕೊಟ್ಟಿದ್ದ ಮಗಳು ಶಶಿಕಲಾ ಚೊಚ್ಚಲ ಹೆರಿಗೆಗೆ ಬಂದಳು. ಗಂಡು ಮಗು ಹುಟ್ಟಿತು. ತಾತನಾದ ಉತ್ಸಾಹದಲ್ಲಿ ನಾನು ರಾಯಚೂರಿಗೆ ಹೋಗಿ, ಬಾತುಕೋಳಿಯ ಚಿತ್ರವಿದ್ದ ಸ್ಪಂಜಿನ ಹಾಸಿಗೆಯನ್ನು ತಂದೆ. ಬಸ್ಸಿನಲ್ಲಿ ಅದಕ್ಕೆ ಕಿಟಕಿ ಪಕ್ಕದ ಸೀಟು ಕೊಟ್ಟು ನಾನು ನಿಂತುಕೊಂಡು ಬಂದೆ. ಮಗುವಿಗೆ ಬಾತುಕೋಳಿ ಸೇರಲಿಲ್ಲ. ಮಲಗಿಸಿದ ಸ್ವಲ್ಪ ಹೊತ್ತಿಗೆ ಬೆನ್ನು ಕೆಂಪಾಗಿ, ಬೆವರುಗುಳ್ಳೆ ಎದ್ದು, ಓಣಿಯ ಆ ತುದಿಗೆ ಕೇಳುವಂತೆ ಚೀರತೊಡಗಿತು. ಗಂಗಮ್ಮ ಎತ್ತಿ, ಕಾಲು ಚಾಚಿ ತೊಡೆಯ ಮೇಲೆ ಹಾಕಿಕೊಂಡಳು, ಸುಮ್ಮನಾಯಿತು. ಕೆಳಗಿಟ್ಟಳು, ಮತ್ತೆ ಚೀರಿತು. ನಾಲ್ಕಾರು ದಿನ ಅವಳು ಕಾಲು ಮಡಚಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬರುತ್ತಿತ್ತು. ದೇವದುರ್ಗದಿಂದ ಬೀಗರು ಬರುವವರಿದ್ದರು. ಮಗುವನ್ನು ಮಲಗಿಸಲು ಮನೆಯಲ್ಲಿ ಮೆತ್ತನೆಯ ಹತ್ತಿಯ ಒಂದು ಹಾಸು ಇರಲಿಲ್ಲ.

ಓಣಿಯ ಕೊನೆಯಲ್ಲಿ, ಹಳೆಯ ಬಟ್ಟೆಯ ಚೂರು ಸೇರಿಸಿ ಕೌದಿ ಹೊಲಿಯುವ ಭೀಮವ್ವ ಇದ್ದಳು. ಒಂದು ಕಾಲಕ್ಕೆ ಅವಳ ಕಟ್ಟೆಯ ಮೇಲೆ ಯಾರದಾದರೂ ಮನೆಯ ಕೌದಿ ಹಾಸಿಕೊಂಡೇ ಇರುತ್ತಿತ್ತು. ಈಗ ನಾನು ಹೋದಾಗ ಅವಳೊಬ್ಬಳೇ ಕೂತಿದ್ದಳು.

“ಅರಿವಿ ಕೊಡ್ರಿ ಮಾಸ್ತರ್ರ, ಹೊಲ್ದು ಕೊಡ್ತೀನಿ. ನನ್ನ ಸೂಜಿಗೂ ತುಕ್ಕು ಹಿಡದದ,” ಎಂದಳು. “ಖರೇ, ಸ್ಟೀಲ್ ಡಬ್ಬಿ ತಂದು ಮುಂದಿಟ್ಟರ ಸೂಜಿ ಇಳ್ಯಂಗಿಲ್ಲ ನೋಡ್ರಿ.”

“ಹೊಸಾ ಹತ್ತಿ ಬಟ್ಟಿ ತಂದರ ನಡಿಯಂಗಿಲ್ಲೇನು?”

“ಹಸಿಗೂಸಿಗೆ ಹೊಸಾ ಅರಿವಿ ಹಾಸ್ತಾರೇನ್ರಿ ಯಾರರ? ಬಾಳಿದೋರು ಉಟ್ಟಿದ್ದು ಬೇಕು. ಓಣ್ಯಾಗ ಬೇಡಿಕೊಂಡು ಬರ್ರಿ. ಕೂಸಿನ ಸಲುವಾಗಿ ಬೇಡಿದರ ತಪ್ಪೇನದ?”

ಹೀಗೆ ವಿಜ್ಞಾನದ ಮಾಸ್ತರ ಕೈಚೀಲ ಹಿಡಿದು ಮನೆಮನೆಗೆ ಹಳೆಯ ಬಟ್ಟೆ ಕೇಳಲು ಹೊರಟ. ಬುಟ್ಟಿಯ ಹೆಂಗಸರು ಬದಲಿಗೆ ಪಾತ್ರೆಯನ್ನಾದರೂ ಕೊಡುತ್ತಿದ್ದರು, ನನ್ನ ಚೀಲದಲ್ಲಿ ಅದೂ ಇರಲಿಲ್ಲ. ಮೊದಲು ಪಕ್ಕದ ಮನೆಯ ಖೈರುನ್‌ಬಿಯ ಬಾಗಿಲಿಗೆ ಹೋದೆ. ಅವಳ ಗಂಡನಿಗೆ ಸಂತೆಯಲ್ಲಿ ಬಳೆಯ ಅಂಗಡಿ. ನನ್ನ ಮಾತು ಕೇಳಿ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

“ಅರೆ ಮಾಸ್ತರ್, ನಮ್ದು ಭೀ ಎಲ್ಲಾ ಡಬ್ಬಿ ಆಗ್ಯಾವ!”

ನಾನು ತಿರುಗಿದೆ. ಅವಳು “ಥೋಡಾ ನಿಂದರ್ರಿ” ಎಂದು ಒಳಗೆ ಹೋದಳು. ಟ್ರಂಕಿನ ಸದ್ದಾಯಿತು. ತಲೆಗೆ ಹೊದೆಯುವ ಬಿಳಿಯ ಓಢ್ನಿಯೊಂದನ್ನು ಮಡಿಕೆ ಬಿಚ್ಚದೆ ತಂದು ಹಿಡಿದಳು. “ನಮ್ಮ ಅಮ್ಮಾಂದು. ಇದೊಂದು ಬುಟ್ಟಿಗೆ ಹಾಕಾಕ ಮನಸ ಬರಲಿಲ್ಲ. ಎಷ್ಟು ತೊಳದರೂ ಅಕಿ ವಾಸ್ನಿ ಅದ ಅಂತ ಅನಿಸ್ತದ ನನಗ.”

“ಹಂಗಾದರ ಬ್ಯಾಡವಾ, ಇಟ್ಕೋ.”

“ಟ್ರಂಕನ್ಯಾಗ ಇಟ್ಟರ ನುಸಿ ತಿಂತದ. ಕೂಸಿನ ಕೆಳಗ ಇದ್ದರ ಅಕಿ ದುವಾ ಹತ್ತತದ. ಒಯ್ರಿ.”

ಮಡಿಕೆ ಕೆಡದಂತೆ ಅದನ್ನು ಚೀಲಕ್ಕಿಟ್ಟುಕೊಂಡೆ. ಓಣಿಯಲ್ಲಿ ಎಲ್ಲರದೂ ಇದೇ ಕತೆ. ಇದ್ದ ಬಟ್ಟೆಯನ್ನೆಲ್ಲ ಕೊಟ್ಟು ಪಾತ್ರೆ ತೆಗೆದುಕೊಂಡವರೇ. ಆದರೆ ಪ್ರತಿ ಮನೆಯಲ್ಲೂ ಕೊಡಲು ಮನಸ್ಸು ಬಾರದ ಒಂದು ಬಟ್ಟೆ ಉಳಿದಿತ್ತು, ನನ್ನ ಚೀಲಕ್ಕೆ ಬಿದ್ದದ್ದು ಅದು. ಹೂವು ಮಾರುವ ಮುದುಕಿ ತನ್ನ ಮದುವೆಯ ಸೀರೆಯ ಸೆರಗು ಕತ್ತರಿಸಿ ಕೊಟ್ಟಳು. ರೈಸ್‌ಮಿಲ್ಲಿನ ಶರಣಬಸಪ್ಪನವರು ತೌಡನ್ನೂ ಎರಡು ಸಲ ತೂಗಿ ಕೊಡುವ ಮನುಷ್ಯ. ಅವರ ಮನೆಯನ್ನು ದಾಟಿ ಹೋಗುತ್ತಿದ್ದೆ, ಅವರೇ ಕರೆದರು.

“ಎಲ್ಲಾರ ಮನಿಗೂ ಹೋಗಿ ನಮ್ಮನಿ ಬಿಟ್ಟು ಹೊಂಟೀರಲ್ರೀ? ತಗೋರಿ, ನಮ್ಮಪ್ಪನ ಧೋತರ. ಇದನ್ನ ಉಟಗೊಂಡು ಹೊಳಿದಂಡಿ ಗೂಗಲ್ ಊರಿಗೆ ಸ್ನಾನಕ ಹೋಗ್ತಿದ್ದ. ಸಾಯೂತನಕ ಹಲ್ಲು ಗಟ್ಟಿ ಇದ್ದುವು. ಒಂದ ಮಾತು, ಭೀಮವ್ವಗ ಹೇಳ್ರಿ, ಅಂಚು ಮ್ಯಾಲ ಕಾಣಬೇಕು.”

ಜಂಗಮರ ಕಂಥೆ, ಫಕೀರರ ಗುದಡಿ ಎರಡೂ ತೇಪೆಯ ಬಟ್ಟೆಗಳೇ ಎಂದು ಆಗ ಹೊಳೆಯಿತು. ಬಡತನಕ್ಕೆ ಹಾಗೆ ಹೊದೆದರು ಎಂದೇ ನಾನು ತಿಳಿದಿದ್ದೆ. ಹತ್ತು ಮನೆಯ ಚೂರು ಮೈಮೇಲಿದ್ದರೆ ಹತ್ತು ಮನೆಯವರೂ ತನ್ನವರು ಎಂಬ ಲೆಕ್ಕವೂ ಇದ್ದಿರಬೇಕು. ಇದಕ್ಕೆ ಯಾವ ಗ್ರಂಥದಲ್ಲಿ ಆಧಾರವಿದೆ ಎಂದು ಕೇಳಬೇಡಿ. ಚೀಲ ಭಾರವಾದಾಗ ಮನುಷ್ಯನಿಗೆ ಇಂಥ ವಿಚಾರಗಳು ಬರುತ್ತವೆ.

ಭೀಮವ್ವ ನಮ್ಮ ಪಡಸಾಲೆಯಲ್ಲಿ ಕೂತು ಹೊಲಿದಳು. ಬಿಡುವಾದಾಗ ಖೈರುನ್‌ಬಿಯೂ ಬಂದು ಇನ್ನೊಂದು ಅಂಚು ಹಿಡಿದಳು. ತೊಟ್ಟಿಲ ದಿನ ಬೆಳಗ್ಗೆ ಕೌದಿ ಮುಗಿಯಿತು, ನಟ್ಟನಡುವೆ ಒಂದು ಅಂಗೈಯಗಲ ಬಿಟ್ಟು. ಅದು ಕೌದಿಯ ಹೊಟ್ಟೆ. ಕೌದಿ ಹಸಿದಿರಬಾರದು ಎಂದು ಆ ಹೊಟ್ಟೆಗೆ ಹೋಳಿಗೆಯ ಚೂರು ಇಟ್ಟು, ಮೇಲೆ ಮನೆಯವರ ಅರಿವೆ ತುಂಬಿ ಮುಚ್ಚುವುದು ಭೀಮವ್ವನ ಪದ್ಧತಿ. ಗಂಗಮ್ಮ ಹೋಳಿಗೆ ತಂದಳು.

“ಎಲ್ಲಾರ ಮನಿದೂ ಬಂತು. ನಿಮ್ಮನಿ ಅರಿವಿ ಎಲ್ಲ್ಯದ?” ಎಂದಳು ಭೀಮವ್ವ.

ಗಂಗಮ್ಮ ನನ್ನನ್ನು ನೋಡಿದಳು. ನಾನು ಸೂರನ್ನು ನೋಡಿದೆ. ಮನೆಯಲ್ಲಿ ಇದ್ದದ್ದೆಲ್ಲ ನೈಲಾನು, ಟೆರಿಲಿನ್ನು. ಮೊಮ್ಮಗನ ಕೌದಿಯಲ್ಲಿ ಇಡೀ ಓಣಿ ಇತ್ತು, ಅವನ ತಾತನ ಮನೆಯ ಒಂದು ನೂಲಿರಲಿಲ್ಲ. ಅವಮಾನಕ್ಕಿಂತ ಹೆಚ್ಚಾಗಿ ನನಗೆ ದುಃಖವಾಯಿತು. ಬೀಗರು ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದರು.

ಭೀಮವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಮೈಮ್ಯಾಲ ಅದಲ್ರೀ!”

ಮೈಮೇಲೆ ಇದ್ದದ್ದು ಹತ್ತಿಯ ಬನಿಯನ್ನು. ನಮ್ಮ ಮನೆಗಿದ್ದ ಕಿಟಕಿಗಳಿಗಿಂತ ಹೆಚ್ಚು ಕಿಟಕಿ ಅದಕ್ಕಿದ್ದವು. ಬೀಗರ ಎದುರಿಗೆ ಹೇಗೆ ತೆಗೆಯಲಿ ಎಂದು ನಾನು ಅನ್ನುವಷ್ಟರಲ್ಲಿ ಗಂಗಮ್ಮ ಅದನ್ನು ಹಿಂದಿನಿಂದ ಎಳೆದೇಬಿಟ್ಟಳು. ಭೀಮವ್ವ ಅದನ್ನು ಮಡಚಿ, ಹೋಳಿಗೆಯ ಚೂರಿನ ಮೇಲಿಟ್ಟು, ತೇಪೆ ಹಚ್ಚಿ ಹೊಟ್ಟೆ ಮುಚ್ಚಿದಳು.

ತೊಟ್ಟಿಲಿಗೆ ಕೌದಿ ಹಾಸಿ ಮಗುವನ್ನು ಮಲಗಿಸಿದರು. ಅದು ಒಮ್ಮೆ ಕಾಲು ಝಾಡಿಸಿ, ಆಕಳಿಸಿ, ಸುಮ್ಮನೆ ನಿದ್ದೆಹೋಯಿತು. ಗಂಗಮ್ಮ ಎಷ್ಟೋ ದಿನಗಳ ಮೇಲೆ ಗೋಡೆಗೆ ಒರಗಿ ಕಾಲು ಮಡಚಿ ಕೂತಳು. ಓಣಿಯವರು ತೊಟ್ಟಿಲಿಗೆ ಬಗ್ಗಿ ಮಗುವನ್ನು ನೋಡುವ ನೆಪದಲ್ಲಿ ತಮ್ಮ ತಮ್ಮ ಚೂರು ಹುಡುಕಿದರು. ಶರಣಬಸಪ್ಪನವರು ಅಂಚು ಮುಟ್ಟಿ ನೋಡಿ ತಲೆಯಾಡಿಸಿದರು. ಬೀಗಿತ್ತಿ ಕೌದಿಯ ಮೇಲೆ ಕೈಯಾಡಿಸಿ, ದೇವದುರ್ಗಕ್ಕೂ ಬಂದು ಎರಡು ಹೊಲಿದು ಕೊಡು ಎಂದು ಭೀಮವ್ವನನ್ನು ಕರೆದಳು. ಎಲ್ಲರೂ ತಮ್ಮದನ್ನು ತೋರಿಸುತ್ತಿದ್ದರು. ನನ್ನದು ಒಳಗಿತ್ತು, ತೋರಿಸುವ ಹಾಗಿರಲಿಲ್ಲ. ಟವೆಲು ಹೊದ್ದು ಹಿಂದೆ ನಿಂತೆ.

ಅಷ್ಟರಲ್ಲಿ ಖೈರುನ್‌ಬಿ ಕಿಸಕ್ಕನೆ ನಕ್ಕಳು. “ಕೂಸು ಉಚ್ಚಿ ಹೊಯ್ತು! ಯಾರ ಅರಿವಿ ಮ್ಯಾಲ?”

ಒಬ್ಬೊಬ್ಬರೂ ತಮ್ಮ ಚೂರು ಮುಟ್ಟಿ, ನಂದಲ್ಲ, ನಂದಲ್ಲ ಎಂದರು. ಆ ದನಿಯಲ್ಲಿ ಸ್ವಲ್ಪ ನಿರಾಶೆಯೇ ಇತ್ತು. ಭೀಮವ್ವ ಮಗುವಿನ ಕೆಳಗೆ ಕೈಹಾಕಿ ನೋಡಿದಳು.

“ಸರೀ ನಡುವ. ಮಾಸ್ತರ್ರ ಬನಿಯನ್‌ತನಕ ಇಳದದ!”

ಓಣಿಗೆ ಓಣಿಯೇ ನಕ್ಕಿತು. ಬೀಗರೂ ನಕ್ಕರು. ನಾನು ಟವೆಲನ್ನು ಹೆಗಲಿಗೇರಿಸಿ, ಬರಿಮೈಯಲ್ಲೇ, ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದೆ.