ಸೂಜಿ ಮುಟ್ಟಿದಾಗ ರೇವವ್ವ ಬಾಯಿ ಬಿಡಲಿಲ್ಲ

ನಮ್ಮ ಭಾವ ಮಡಿವಾಳೆಪ್ಪನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅವನ ಹೆಂಡತಿ, ನನ್ನ ಅಕ್ಕ ರೇವವ್ವ, ತಿರ್ಲಾಪುರದಲ್ಲಿ ಬಿತ್ತುವ ಕೂರಿಗೆಯ ಬಟ್ಟಲಿಗೆ ಜೋಳ ಬಿಡುವುದರಲ್ಲಿ ಎತ್ತಿದ ಕೈ. ಅವಳು ಬಿತ್ತಿದ ಸಾಲಿನಲ್ಲಿ ಒಂದು ಕಡೆ ದಟ್ಟ, ಒಂದು ಕಡೆ ತೆಳು ಎಂಬುದಿರಲಿಲ್ಲ. ನಲವತ್ತಕ್ಕೆ ಬಲಗೈ ನಡುಗತೊಡಗಿತು. ಬೀಜ ಬಟ್ಟಲಿನ ಹೊರಗೇ ಹೆಚ್ಚು ಬೀಳುತ್ತಿದ್ದುದನ್ನು ಕಂಡು ಭಾವ ಹೊಲದಲ್ಲೇ ಬೈದು, ಬೇರೆಯವಳನ್ನು ಹಚ್ಚಿದ. ಗುಳಿಗೆಗೆ ನಡುಕ ಬಗ್ಗಲಿಲ್ಲ.

೧೯೮೬ರಲ್ಲಿ ನಾನೇ ಅವಳನ್ನು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ತಲೆಬುರುಡೆಗೆ ತೂತು ಕೊರೆದು, ಮಿದುಳಿಗೆ ಸೂಜಿ ಇಳಿಸಿ, ಸಣ್ಣಗೆ ಕರೆಂಟು ಕೊಟ್ಟು ನೋಡುತ್ತಾರೆ. ನಡುಕ ನಿಂತ ಜಾಗವನ್ನು ಸುಡುತ್ತಾರೆ. ರೋಗಿ ಎಚ್ಚರವಿದ್ದು ಮಾತಾಡುತ್ತಿರಬೇಕು. ಜಾಗ ಕೂದಲೆಳೆಯಷ್ಟು ತಪ್ಪಿದರೂ ಮಾತು ಹೋಗಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಜೊತೆಗೆ ಬಂದಿದ್ದ ಭಾವ ಸಹಿ ಹಾಕಿ, ಹೊರಗೆ ಎಲೆ ಅಡಿಕೆ ಜಗಿಯುತ್ತ ಕೂತ.

ಸ್ವಲ್ಪ ಹೊತ್ತಿಗೇ ಡಾಕ್ಟರು ಹೊರಬಂದರು. "ಕೈ ನಿಂತಿತ್ತು. ಆದರೆ ಮಾತೂ ನಿಂತುಹೋಯಿತು. ಸುಡಲಿಲ್ಲ, ಸೂಜಿ ತೆಗೆದುಬಿಟ್ಟೆವು."

"ಅಕಿಗೆ ಏನ್ ಕೇಳಿದ್ರಿ?" ಎಂದೆ.

"ಊರಿನ ಹೆಸರು ಹೇಳಿದರು. ಗಂಡನ ಹೆಸರನ್ನು ಮೂರು ಸಲ ಕೇಳಿದೆವು. ಉತ್ತರವೇ ಇಲ್ಲ."

ನನ್ನ ಮೈಯೆಲ್ಲ ಉರಿಯಿತು. ಗಂಡನ ಹೆಸರನ್ನು ನಮ್ಮ ಕಡೆ ಯಾವ ಹೆಂಗಸು ಹೇಳುತ್ತಾಳೆ? ಇಷ್ಟು ಓದಿದವರಿಗೆ ಅಷ್ಟೂ ಗೊತ್ತಿಲ್ಲವೇ? ಅವರು ಸೂಜಿ ತೆಗೆದದ್ದು ಸರಿಯೇ, ಆದರೂ ಬಾಯಿಗೆ ಬಂದಂತೆ ಬೈದೆ. ಒಳಗೆ ಅಕ್ಕ ಅಳುತ್ತಿದ್ದಳು.

"ಕೈ ನಿಂತಿತ್ತೋ ತಮ್ಮಾ. ನಾನ ಕಣ್ಣಾರೆ ನೋಡೇನಿ."

"ಹೆಸರು ಹೇಳಬೇಕಿತ್ತಲ್ಲಬೇ?"

"ಹೆಂಗ್ ಹೇಳ್ಲಿ? ಅಲ್ಲೇ ಹೊರಗ ಕುಂತಿದ್ರಲ್ಲ ಅವರು."

ತಲೆಯ ಗಾಯ ಮಾಯಲಿ, ಆರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡೋಣ, ಗಂಡನ ಸಹಿ ಮತ್ತೆ ಬೇಕು ಎಂದರು ಡಾಕ್ಟರು. ಭಾವನೋ, ಊರಿಗೆ ಬಂದವನೇ ಮನೆಯ ಕಟ್ಟೆಯ ಮೇಲೆ ಕೂತು ಮೀಸೆ ತಿರುವಿದ. "ತಲಿ ಕೊರದ್ರೂ ನನ್ನ ಹೆಸರ ಹೇಳಲಿಲ್ಲ ನೋಡ್ರಿ, ನನ್ನ ಹೇಣ್ತಿ!" ಬಂದವರಿಗೆಲ್ಲ ಇದೇ ಪುರಾಣ. ಬಾಜು ಕೂತವರು ತಲೆಯಾಡಿಸುತ್ತಿದ್ದರು.

ಆರು ತಿಂಗಳಾದ ಮೇಲೆ ನಾನು ಕಾಗದ ಹಿಡಿದು ಹೋದೆ. ಕಟ್ಟೆಯ ತುಂಬ ಜನ.

"ನಾಳೆ ಮಾತು ಹೋದ್ರ ಮೂಕಿನ್ನ ಕಟಗೊಂಡು ನಾ ಏನ್ ಮಾಡ್ಲಿ? ಸಹಿ ಹಾಕೂದಿಲ್ಲ," ಎಂದ ಭಾವ.

ಅಕ್ಕ ಒಳಗಿನಿಂದ ಬಂದು ಅವನೆದುರು ನಿಂತಳು.

"ಮಡಿವಾಳೆಪ್ಪ," ಎಂದಳು. "ಸಹಿ ಹಾಕು. ಮಾತು ಹೋದ್ರ ಹೋಗ್ಲಿ. ಇಪ್ಪತ್ತೈದು ವರ್ಷ ಮಾತಿದ್ದೂ ನಿನ್ನ ಮುಂದ ನಾ ಏನ್ ಮಾತಾಡೇನಿ?"