ಗುಪ್ಪೆ ಕೆಡವುವ ಮಾರ್ಡೆಲ್

ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದು ಕಂಡರೆ ಮಾರ್ಡೆಲ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಅಮೆರಿಕದ ಯೂಟಾದ ನಮ್ಮ ಈ ಕೆಂಪು ಬಂಡೆಗಳ ಉದ್ಯಾನದಲ್ಲಿ ಮಣ್ಣಿನ ಕಾಲುದಾರಿ ಇರುವುದು ಅಲ್ಲೊಂದಿಷ್ಟು, ಇಲ್ಲೊಂದಿಷ್ಟು. ಉಳಿದದ್ದೆಲ್ಲ ಬರೀ ಬಂಡೆ, ಬಂಡೆಯ ಮೇಲೆ ಹೆಜ್ಜೆ ಮೂಡುವುದಿಲ್ಲ. ಅದಕ್ಕೇ ಉದ್ಯಾನ ಕಾಯುವ ರೇಂಜರುಗಳು ದಾರಿಯುದ್ದಕ್ಕೂ ಕಲ್ಲುಗುಪ್ಪೆ ಇಟ್ಟಿರುತ್ತಾರೆ. ಒಂದರ ಪಕ್ಕ ನಿಂತರೆ ಮುಂದಿನದು ಕಾಣಬೇಕು, ಹಾಗೇ ನೋಡಿಕೊಂಡು ನಡೆಯಬೇಕು. ಊರಿಂದ ಬಂದ ಜನಕ್ಕೆ ಅದೊಂದು ಆಟ. ಚೆಂದ ಕಂಡಲ್ಲೆಲ್ಲ ತಾವೂ ಒಂದು ಗುಪ್ಪೆ ಕಟ್ಟುತ್ತಾರೆ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಹೊರಟುಬಿಡುತ್ತಾರೆ. ಹಿಂದೆ ಬಂದ ಪಾಪದವನು ಅದನ್ನೇ ನಂಬಿ ಕಮರಿಯ ಅಂಚಿಗೆ ಹೋಗಿ ನಿಲ್ಲುತ್ತಾನೆ.

ಅಂಥ ಸುಳ್ಳು ಗುಪ್ಪೆಗಳನ್ನು ಕೆಡವುವುದು ಮಾರ್ಡೆಲ್‌ಳ ಕೆಲಸವಾಗಿತ್ತು. ಸಂಬಳವಿಲ್ಲ. ಉದ್ಯಾನದ ಕ್ಯಾಂಪಿಗೆ ಬಂದವರಿಗೆ ಜಾಗ ತೋರಿಸಿ, ಕಕ್ಕಸು ತೊಳೆದು, ಬೆಂಕಿಗುಂಡಿಯ ಬೂದಿ ಬಾಚಿ, ಗುಪ್ಪೆ ಕೆಡವಿಕೊಂಡು ಇದ್ದರೆ ಅವಳ ಆರ್‌ವಿ, ಅಂದರೆ ಗಾಲಿಯ ಮೇಲಿನ ಮನೆ, ನಿಲ್ಲಿಸಲು ಜಾಗ, ನೀರು, ಕರೆಂಟು ಪುಕ್ಕಟೆ. ಬೂಟುಗಾಲಲ್ಲಿ ಒಂದೇ ಒದೆ ಕೊಡುತ್ತಿದ್ದಳು. "ಹೋಗ್ರೋ, ನಿಮ್ಮಪ್ಪನ ಮನೆ ಅಂಗಳದಲ್ಲಿ ಕಟ್ಕೊಳ್ಳಿ ಹೋಗ್ರೋ!" ಎಂದು ಯಾವತ್ತೋ ಹೊರಟುಹೋದವರಿಗೆ ಬೈಯುವುದೂ ಒದೆಯ ಜೊತೆಗೇ ಸೇರಿತ್ತು.

ಆ ಬಾಯಿ ಬಸ್ಸಿನಲ್ಲಿ ಕಲಿತದ್ದು. ಆಯುಷ್ಯದ ಹೆಚ್ಚು ಭಾಗ ಅವಳು ನೆಬ್ರಾಸ್ಕಾದಲ್ಲಿ ಶಾಲೆಯ ಹಳದಿ ಬಸ್ಸು ಓಡಿಸಿದವಳು. ಕನ್ನಡಿಯಲ್ಲಿ ಒಮ್ಮೆ ಕಣ್ಣು ಬಿಟ್ಟರೆ ಹಿಂದಿನ ಸೀಟಿನ ಪುಂಡರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಗಂಡ ಲೈಲ್ ಕರೆಂಟಿನ ಕಂಬ ಹತ್ತುವ ಲೈನ್‌ಮನ್. ಅವಳು ಸಿಡುಕಿದಷ್ಟೂ ಅವನಿಗೆ ನಗು. "ಡ್ರೈವರಮ್ಮ" ಎಂದೇ ಅವಳನ್ನು ಕರೆಯುತ್ತಿದ್ದ. ಇಬ್ಬರಿಗೂ ಕೆಲಸ ಮುಗಿದ ಮೇಲೆ ಮನೆ ಮಾರಿ, ಯಾರೋ ಬಳಸಿಬಿಟ್ಟ ಆರ್‌ವಿ ಕೊಂಡರು. ಜೋಳದ ಹೊಲ ನೋಡಿ ನೋಡಿ ಸಾಕಾಗಿತ್ತು, ಮರಳುಗಾಡು ನೋಡಬೇಕೆಂದು ಲೈಲ್‌ಗೆ ಹುಚ್ಚು. ಚಳಿಗಾಲ ಡೆತ್ ವ್ಯಾಲಿಯಲ್ಲಿ, ವಸಂತ ಅರಿಜೋನಾದ ದೈತ್ಯ ಕಳ್ಳಿಗಳ ನಡುವೆ, ಬಿಸಿಲು ಏರುವ ಹೊತ್ತಿಗೆ ಉತ್ತರಕ್ಕೆ, ಇಲ್ಲಿಗೆ. ಅವಳ ಕೈಯಲ್ಲಿ ಸ್ಟೀರಿಂಗು, ಅವನ ತೊಡೆಯ ಮೇಲೆ ನಕಾಶೆ. ಹೋದಲ್ಲೆಲ್ಲ ಮೊದಲು ಕಾಫಿ, ಆಮೇಲೆ ನಡಿಗೆ. ಬಿಸಿಲಿಗೆ ಇಬ್ಬರ ಚರ್ಮವೂ ಹಳೇ ಬೆಲ್ಟಿನ ಹಾಗಾಗಿತ್ತು. ಅಷ್ಟು ಸುಖವಾಗಿ ಅವರು ಯಾವತ್ತೂ ಇರಲಿಲ್ಲ.

ಲೈಲ್ ಮೊದಲು ತಪ್ಪಿದ್ದು ನಕಾಶೆಯಲ್ಲೇ. ಎಡಕ್ಕೆ ದಾರಿಯೇ ಇಲ್ಲದ ಕಡೆ "ಎಡಕ್ಕೆ" ಎಂದ, ಗಾಡಿ ಯಾರದೋ ದನದ ಬೇಲಿಯ ಮುಂದೆ ಹೋಗಿ ನಿಂತಿತು. ಇಬ್ಬರೂ ನಕ್ಕರು. ಆಮೇಲೆ ನೀರಿಲ್ಲದ ಕಾಫಿ ಪಾತ್ರೆ ಒಲೆಯ ಮೇಲೆ ಕೆಂಪಗೆ ಕಾಯಿತು. ಒಂದು ಸಂಜೆ ಗಾಡಿಯೊಳಗೆ, ತನ್ನದೇ ಕುರ್ಚಿಯಲ್ಲಿ ಕೂತು ಕೇಳಿದ, "ಮನೆಗೆ ಯಾವಾಗ ಹೋಗೋದು ನಾವು?"

ಮಾರ್ಡೆಲ್ ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಒಮಾಹಾದಿಂದ ಮಗಳು ಕೆಂಡ್ರಾ ಫೋನಿನಲ್ಲಿ ಆಗಲೇ ಮೂಸುತ್ತಿದ್ದಳು.

"ಅಪ್ಪ ಒಂಥರಾ ಮಾತಾಡ್ತಾರೆ. ಹೆಚ್ಚುಕಮ್ಮಿ ಇದ್ರೆ ಹೇಳಮ್ಮ, ನೋಡ್ಕೊಳ್ಳೋ ಕಡೆ ಸೇರ್ಸೋಣ. ಆ ಡಬ್ಬಾನ ಮಾರಿಬಿಡು."

"ನಿಮ್ಮಪ್ಪ ನನಗಿಂತ ಗಟ್ಟಿ ಇದಾನೆ. ನೀನು ನಿನ್ನ ಮನೆ ನೋಡ್ಕೋ."

ಅಂಥ 'ನೋಡಿಕೊಳ್ಳುವ ಕಡೆ' ಲೈಲ್‌ನ ಅಣ್ಣ ಇದ್ದು ಸತ್ತಿದ್ದ. ಟಿವಿಯ ಮುಂದೆ, ಕುರ್ಚಿಗೆ ಪಟ್ಟಿ ಬಿಗಿಸಿಕೊಂಡು. ನೋಡಿ ಬಂದ ದಿನ ಲೈಲ್ ಮೊದಲ ದಿನ ಬಸ್ಸು ಹತ್ತಿದ ಮಗುವಿನ ಹಾಗೆ ಅತ್ತು, "ನನ್ನನ್ನ ಇಂಥ ಕಡೆ ಬಿಡಬೇಡ ಕಣೇ" ಎಂದಿದ್ದ. ಬಿಡುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು. ಮಾತು ಕೊಟ್ಟ ಮೇಲೆ ಮುಗಿಯಿತು. ಅವನ ಮರೆವನ್ನು ಅವಳು ಮಡಿಲ ಕೆಂಡದ ಹಾಗೆ ಮುಚ್ಚಿಟ್ಟುಕೊಂಡಳು. ರೇಂಜರುಗಳು ಮಾತಾಡಿಸಿದರೆ ತಾನೇ ಮುಂದೆ ಬಿದ್ದು ಉತ್ತರ ಕೊಡುತ್ತಿದ್ದಳು.

ಆದರೆ ಬೆಳಗಿನ ನಡಿಗೆಯನ್ನು ಅವನಿಂದ ಕಿತ್ತುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ನಡೆಯುವಾಗ ಮಾತ್ರ ಅವನು ಹಳೇ ಲೈಲ್ ಆಗಿರುತ್ತಿದ್ದ. ಒಂದೇ ಕಟ್ಟಪ್ಪಣೆ ಮಾಡಿದ್ದಳು.

"ದಾರಿ ತಪ್ಪಿತು ಅನ್ನಿಸಿದ್ರೆ ಅಲ್ಲೇ ಕೂತ್ಕೋ. ಒಂದು ಹೆಜ್ಜೆ ಆಚೆ ಇಡಬೇಡ. ನಾನು ಬರ್ತೀನಿ."

"ಸರಿ ಡ್ರೈವರಮ್ಮಾ. ನಿನ್ನ ಬಸ್ಸು ಬರೋ ತನಕ ಕದಲಲ್ಲ."

ವಾರಗಟ್ಟಲೆ ಅವನು ಹೋದ, ತಪ್ಪದೆ ಬಂದ. ಸಕ್ಕರೆ ಎಲ್ಲಿದೆಯೆಂದು ಗೊತ್ತಿಲ್ಲದವನಿಗೆ ಮನೆ ಹೇಗೆ ಸಿಗುತ್ತದೆ ಎಂದು ಅವಳಿಗೇ ಸೋಜಿಗ. ಕಾಲಿಗೆ ನೆನಪಿರುತ್ತದೆ, ತಲೆಗಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಜೂನಿನ ಆ ಬೆಳಿಗ್ಗೆ ಲೈಲ್ ಟೋಪಿ ಹಾಕಿ, ನೀರಿನ ಬಾಟ್ಲಿ ಹಿಡಿದು ಹೊರಟುಹೋದ. ಸ್ವಲ್ಪ ಹೊತ್ತಿಗೆ ಮಾರ್ಡೆಲ್ ಕಸದ ಚೀಲ ಹಿಡಿದು, ಆ ಋತುವಿನಲ್ಲಿ ಮೊದಲ ಸಲ, ಕ್ಯಾಂಪಿನ ಹಿಂದಿನ ಬಂಡೆಗಳ ಕಡೆ ಹೋದಳು. ಅಲ್ಲಿ ದಾರಿಯೇ ಇಲ್ಲ, ಮನೆಯಷ್ಟೆತ್ತರದ ಗೋಡೆಬಂಡೆಗಳು, ಸಂದಿಗಳು. ಆದರೂ ಗುಪ್ಪೆಗಳಿದ್ದವು! ಒಂದಾದ ಮೇಲೊಂದು, ಸಾಲಾಗಿ. ಎರಡು ದಪ್ಪ ಕಲ್ಲು, ಮೇಲೊಂದು ಚಪ್ಪಟೆ ಕಲ್ಲು, ಅದರ ಚೂಪು ಮೂತಿ ಎಲ್ಲದರಲ್ಲೂ ಒಂದೇ ಕಡೆಗೆ. ಅವಳ ಪಿತ್ತ ನೆತ್ತಿಗೇರಿತು.

"ನನ್ನ ಹಿತ್ತಲಲ್ಲೇ ಶುರು ಹಚ್ಕೊಂಡ್ರಾ!"

ಒದೆ. ಮುಂದಿನದಕ್ಕೆ ಹೋಗಿ ಮತ್ತೊಂದು ಒದೆ. ಕಲ್ಲುಗಳು ಇಳಿಜಾರಿನಲ್ಲಿ ಉರುಳಿಹೋದವು. ಬಿಸಿಲು ಏರಿ ಕುತ್ತಿಗೆ ಸುಡತೊಡಗಿದಾಗ, ಉಳಿದದ್ದು ನಾಳೆ ನೋಡೋಣ ಎಂದು ತಿರುಗಿ ಬಂದಳು. ಒಳ್ಳೆಯ ಕೆಲಸ ಮಾಡಿದ ತೃಪ್ತಿಯೂ ಇತ್ತು.

ಚೀಸ್ ಸ್ಯಾಂಡ್‌ವಿಚ್ ಮಾಡಿಟ್ಟು ಕಾದಳು. ಸ್ಯಾಂಡ್‌ವಿಚ್ ಒಣಗಿತು. ಲೈಲ್ ಬರಲಿಲ್ಲ. ಆದರೂ ಅವಳು ರೇಂಜರ್ ಕಚೇರಿಯ ಕಡೆ ಕಾಲು ಹಾಕಲಿಲ್ಲ. ಹೇಳಿದರೆ ಕೇಳುತ್ತಾರೆ, ಕೇಳಿದರೆ ಬಯಲಾಗುತ್ತದೆ, ಬಯಲಾದರೆ ಕುರ್ಚಿ, ಪಟ್ಟಿ, ಟಿವಿ. ಇಲ್ಲಿಗೆ ಬಂದ ಹೊಸತರಲ್ಲಿ ಅವನು ಹೋಗುತ್ತಿದ್ದ ಹಳ್ಳದ ಕಡೆಗೆ ತಾನೇ ಹೋಗಿ, ಗಂಟಲು ಹರಿಯುವ ಹಾಗೆ ಕೂಗಿದಳು. ಬಿಸಿಗಾಳಿ ಬಿಟ್ಟರೆ ಏನೂ ಇರಲಿಲ್ಲ.

ಮಧ್ಯಾಹ್ನ ಇಳಿದ ಮೇಲೆ ಕಚೇರಿಗೆ ಹೋದಳು. ಮುಖ್ಯ ರೇಂಜರ್ ಲವೆಲ್ ಇಲ್ಲೇ ಪಕ್ಕದ ಊರಲ್ಲಿ ಹುಟ್ಟಿದವನು, ನಿಧಾನದ ಮನುಷ್ಯ.

"ಆರೋಗ್ಯ ಹೇಗಿದೆ ಅಮ್ಮಾ ಅವರದು? ಹೃದಯ, ಸಕ್ಕರೆ?"

"ಚೆನ್ನಾಗಿದಾನೆ."

"ಮರೆವು ಗಿರೆವು ಏನಾದ್ರೂ? ತಪ್ಪು ತಿಳ್ಕೋಬೇಡಿ, ಹುಡುಕೋ ಜಾಗಾನೇ ಬೇರೆ ಆಗುತ್ತೆ, ಅದಕ್ಕೆ ಕೇಳ್ದೆ."

"ಏನೂ ಇಲ್ಲ" ಎಂದಳು ಮಾರ್ಡೆಲ್.

ಹಾಗಾಗಿ ಅವರು ದೂರದ ಜಾಗಗಳಲ್ಲಿ ಹುಡುಕಿದರು. ಅಷ್ಟು ಮರಳುಗಾಡು ನಡೆದವನು ಎಲ್ಲರೂ ನೋಡಲು ಹೋಗುವ ಕಮಾನು ಬಂಡೆಗೆ ಹೋಗಿರಬೇಕು, ಕಾಲು ಉಳುಕಿರಬೇಕು ಎಂದುಕೊಂಡರು. ಹೆಲಿಕಾಪ್ಟರ್ ಕೂಡ ಅತ್ತಲೇ ಹಾರಿತು. ಕ್ಯಾಂಪಿನ ಹಿತ್ತಲಲ್ಲಿ ಅಂಥ ಪಳಗಿದವನು ದಾರಿ ತಪ್ಪುತ್ತಾನೆಂದು ಯಾರಿಗೆ ತಾನೇ ಹೊಳೆದೀತು?

ಮಾರನೆಯ ಬೆಳಿಗ್ಗೆ ಅವಳ ಗಟ್ಟಿತನ ಮುರಿಯಿತು. ಲವೆಲ್‌ನ ತೋಳು ಹಿಡಿದು ಲೈಲ್‌ನ ಮರೆವಿನ ಕಥೆಯನ್ನೆಲ್ಲ ಹೇಳಿದಳು. ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಆಮೇಲೆ ಜನರನ್ನು ಕ್ಯಾಂಪಿನ ಸುತ್ತಲೇ ಬಿಟ್ಟ.

ಲೈಲ್ ಬೇಗ ಸಿಕ್ಕಿಬಿಟ್ಟ. ಹಿಂದಿನ ಬಂಡೆಗಳ ನಡುವೆ, ಆರ್‌ವಿಯ ಬಾಗಿಲು ಹಾಕಿದರೆ ಸದ್ದು ಕೇಳಿಸುವಷ್ಟು ಹತ್ತಿರ. ಬಂಡೆಗೆ ಒರಗಿ, ಕಾಲು ಚಾಚಿ ಕೂತಿದ್ದ. ಖಾಲಿ ಬಾಟ್ಲಿ ತೊಡೆಯ ಮೇಲಿತ್ತು. ಪಕ್ಕದಲ್ಲಿ ಒಂದು ಗುಪ್ಪೆ: ಎರಡು ದಪ್ಪ ಕಲ್ಲು, ಮೇಲೊಂದು ಚಪ್ಪಟೆ ಕಲ್ಲು, ಚೂಪು ಮೂತಿ ಮನೆಯ ಕಡೆಗೆ. ಅವನ ಹಿಂದೆ ಅಂಥವೇ ಇನ್ನೂ ಇದ್ದವು, ದೂರದ ದಿಬ್ಬದವರೆಗೆ. ಮುಂದೆ ಒಂದೂ ಇರಲಿಲ್ಲ.

ಮಾರ್ಡೆಲ್‌ಗೆ ಅಲ್ಲೇ ಎಲ್ಲ ತಿಳಿಯಿತು. ಮರೆವು ಬಂತೆಂದು ಅವನಿಗೂ ಗೊತ್ತಿತ್ತು. ಅವಳಿಂದ ಅವನು ಮುಚ್ಚಿಟ್ಟಿದ್ದ, ಅವಳು ಜಗತ್ತಿನಿಂದ ಮುಚ್ಚಿಟ್ಟ ಹಾಗೆ. ನಿಯಮದ ಹುಚ್ಚಿನ ಹೆಂಡತಿ ಬೈಯುತ್ತಾಳೆಂದು ಹೇಳದೆ, ದಿನಾ ಗುಪ್ಪೆ ಹಿಡಿದು ಮನೆ ಸೇರುತ್ತಿದ್ದ. ಅವತ್ತೂ ಹಿಡಿದು ಬಂದ, ಗುಪ್ಪೆ ಮುಗಿದ ಕಡೆ ನಿಂತ, ಹೇಳಿದ ಮಾತು ಕೇಳಿ ಕೂತ. ಅವಳು ಬರಲಿಲ್ಲ.

"ಬಿಸಿಲಿಗೆ ಹೃದಯ ನಿಂತಿರಬೇಕಮ್ಮಾ" ಎಂದ ಲವೆಲ್. "ಬಹಳ ಹೊತ್ತು ನರಳಿರಲಿಕ್ಕಿಲ್ಲ."

ಬಹಳ ಹೊತ್ತು ಕಾದೇ ಸತ್ತಿದ್ದನೆಂದು ಲವೆಲ್‌ಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗುಪ್ಪೆ ಒದ್ದದ್ದನ್ನು ಮಾತ್ರ ಅವಳು ಅವನಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಕೆಂಡ್ರಾ ಬಂದು, ಅತ್ತು, ಅಪ್ಪನ ಚಿತಾಭಸ್ಮದಲ್ಲಿ ಪಾಲು ತೆಗೆದುಕೊಂಡು, "ನನ್ನ ಜೊತೆ ಬಾ" ಎಂದಳು. ಮಾರ್ಡೆಲ್ ಹೋಗಲಿಲ್ಲ. ಋತು ಮುಗಿಯುವವರೆಗೆ ಇರಿ ಎಂದ ಲವೆಲ್.

ಇದ್ದಳು. ಕಕ್ಕಸು ತೊಳೆದಳು, ಬೂದಿ ಬಾಚಿದಳು. ಬೆಳಗಿನ ಹೊತ್ತು ಹಿಂದಿನ ಬಂಡೆಗಳಿಗೆ ಹೋಗಿ, ತಾನು ಒದ್ದ ಕಲ್ಲುಗಳನ್ನು ಹುಡುಕಿ ತಂದು, ಕೆಡವಿದ್ದ ಒಂದೊಂದು ಗುಪ್ಪೆಯನ್ನೂ ಎತ್ತಿ ನಿಲ್ಲಿಸಿದಳು. ಎರಡು ದಪ್ಪ, ಒಂದು ಚಪ್ಪಟೆ, ಮೂತಿ ಮನೆಗೆ. ಕೊನೆಯದನ್ನು ಆರ್‌ವಿಯ ಮೆಟ್ಟಿಲ ಬುಡದಲ್ಲಿ ಕಟ್ಟಿದಳು. ಸುಮ್ಮನಿರಲು ಆಗುತ್ತಿರಲಿಲ್ಲ, ಅಷ್ಟೇ.

ಒಂದು ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ಎಳೆಯ ಗಂಡಹೆಂಡತಿ, ಮುಖ ಸುಟ್ಟು, ತುಟಿ ಒಡೆದು ನಿಂತಿದ್ದರು. ಮಾರ್ಡೆಲ್ ನೀರು ಕೊಟ್ಟಳು. ಹುಡುಗಿ ಒಂದೇ ಉಸಿರಿಗೆ ಕುಡಿದಳು.

"ದಿಬ್ಬದ ಮೇಲೆ ದಾರಿ ತಪ್ಪಿಬಿಟ್ವಿ ಅಜ್ಜೀ" ಎಂದ ಹುಡುಗ. "ಕಥೆ ಮುಗೀತು ಅಂದ್ಕೊಂಡಿದ್ವಿ. ಆಮೇಲೆ ಕಲ್ಲುಗುಪ್ಪೆ ಸಿಕ್ತು. ಯಾರು ಕಟ್ಟಿದ್ರೋ, ಪುಣ್ಯಾತ್ಮ! ಒಂದೂ ತಪ್ಪದ ಹಾಗೆ ಸೀದಾ ನಿಮ್ಮ ಬಾಗಿಲಿಗೇ ತಂದು ಬಿಡ್ತು."

ಮಾರ್ಡೆಲ್ ಹುಡುಗಿಯ ಲೋಟಕ್ಕೆ ಮತ್ತೆ ನೀರು ಸುರಿದಳು.

"ನನ್ನ ಗಂಡ ಕಟ್ಟಿದ್ದು" ಎಂದಳು. "ಮನೆಗೆ ಬರೋಕೆ."

"ಅವರಿಗೆ ನಮ್ಮ ಥ್ಯಾಂಕ್ಸ್ ಹೇಳ್ಬಿಡಿ."

"ಹೇಳ್ತೀನಿ."

ಅವರು ಹೋದ ಮೇಲೆ ಅವಳು ಮೆಟ್ಟಿಲ ಮೇಲೆ ಕೂತು, ಗಂಡ ಸತ್ತ ಮೇಲೆ ಮೊದಲ ಸಲ ಬಾಯಿ ತೆರೆದು ಅತ್ತಳು. ಇವರೇನೋ ಬದುಕಿಕೊಂಡರು. ನಾಳೆ ಇನ್ನೊಬ್ಬರು ಈ ಸಾಲನ್ನು ಮನೆಯ ಕಡೆಯಿಂದ ಹಿಡಿದು ಹೊರಟರೆ ನೀರಿಲ್ಲದ ದಿಬ್ಬಕ್ಕೆ ಹೋಗಿ ನಿಲ್ಲುತ್ತಾರೆ. ಅದು ಅವಳಿಗೆ ಗೊತ್ತಿದ್ದ ಹಾಗೆ ಇನ್ಯಾರಿಗೂ ಗೊತ್ತಿರಲಿಲ್ಲ. ಬಿಸಿಲು ತಗ್ಗಿದಾಗ ಎದ್ದಳು. ಒದೆಯಲಿಲ್ಲ. ಮೆಟ್ಟಿಲ ಬುಡದ ಗುಪ್ಪೆಯ ಮುಂದೆ ಮಂಡಿಯೂರಿ, ಚಪ್ಪಟೆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟಳು, ಆಮೇಲೆ ದಪ್ಪ ಕಲ್ಲು ಎರಡನ್ನೂ. ಹಾಗೇ ಒಂದೊಂದನ್ನೇ ಬಿಚ್ಚುತ್ತ, ಲೈಲ್ ಕೂತು ಕಾದಿದ್ದ ಕಡೆಗೆ ನಡೆದಳು.