ಬಾಣಂತಿ ರಜೆಯ ಲೆಕ್ಕ ಬರೆಯುತ್ತಿದ್ದ ದಿನಗಳು

ಐದನೇ ತಿಂಗಳಾದರೂ ನಾನು ಬಸುರಿ ಎಂದು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಸಡಿಲವಾದ ಚೂಡಿದಾರದ ಮೇಲೆ ದೊಡ್ಡ ವೇಲು ಹೊದ್ದು ಪಿರಿಯಾಪಟ್ಟಣದಿಂದ ಮೈಸೂರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಒಂದು ಸಂಶೋಧನಾ ಕೇಂದ್ರದಲ್ಲಿ ಕಾಂಟ್ರ್ಯಾಕ್ಟ್ ಕೆಲಸ. ಬೇರೆ ಬೇರೆ ದೇಶಗಳ ಹಳೆಯ ಕಾನೂನುಗಳನ್ನು ಓದಿ, ಯಾವ ಕಾಲದಲ್ಲಿ ಎಲ್ಲಿ ಬಾಣಂತಿಗೆ ಎಷ್ಟು ವಾರ ರಜೆ ಇತ್ತು, ಸಂಬಳದಲ್ಲಿ ಎಷ್ಟು ಪಾಲು ಕೊಡುತ್ತಿದ್ದರು, ಯಾರಿಗೆ ಕೊಡುತ್ತಿರಲಿಲ್ಲ ಎಂದು ಕಂಪ್ಯೂಟರಿನಲ್ಲಿ ತುಂಬಬೇಕಿತ್ತು. ಕೊಡದವರ ಪಟ್ಟಿಯೇ ಉದ್ದ. ಮನೆಗೆಲಸದವರು, ಹೊಲದಲ್ಲಿ ದುಡಿಯುವವರು, ಕೆಲಸಕ್ಕೆ ಸೇರಿ ಸ್ವಲ್ಪವೇ ದಿನವಾದವರು. ನಮ್ಮ ದೇಶದ ಕಾನೂನು ನನ್ನ ಪರವಾಗಿದೆ ಎಂದು ಗೊತ್ತಿತ್ತು. ಆದರೆ ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದವಳು ಬಸುರಿ ಎಂದು ತಿಳಿಸಿದ ಮೇಲೆ ಅವಳ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ ಎಂಬುದೂ ಗೊತ್ತಿತ್ತು.

ಸ್ಕ್ಯಾನಿಂಗ್ ನೋಡಿದ ಡಾಕ್ಟರಮ್ಮ, "ಮಗುವಿನ ಮಾಸು ಕೆಳಗಿದೆ, ಗರ್ಭದ ಬಾಯಿ ಹತ್ರ. ಬಸ್ಸಲ್ಲಿ ಓಡಾಡಬೇಡಿ. ರಕ್ತ ಕಂಡ್ರೆ ತಕ್ಷಣ ಬನ್ನಿ" ಅಂದರು. ತಲೆಯಾಡಿಸಿದೆ. ಮರುದಿನ ಮತ್ತೆ ಬಸ್ಸು ಹತ್ತಿದೆ. ರಸ್ತೆಯ ಪ್ರತಿ ಉಬ್ಬಿಗೂ ಎರಡು ಕೈಯಿಂದ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಆಫೀಸು ಮುಟ್ಟಿದ ಕೂಡಲೇ ಬಾತ್‌ರೂಮಿಗೆ ಓಡಿ ಬಟ್ಟೆ ನೋಡಿಕೊಳ್ಳುತ್ತಿದ್ದೆ.

ಆ ಭಾನುವಾರ ಕಂಪಲಾಪುರದಿಂದ ಅವ್ವ ಬಂದಾಗ ಎಲ್ಲ ಹೇಳಿಬಿಟ್ಟೆ. ಅವಳು ಬೈಯಲಿಲ್ಲ.

"ನಿನಗಿಂತ ಮುಂಚೆ ಒಂದಿತ್ತು ಕಣವ್ವ" ಅಂದಳು.

ನನಗದು ಗೊತ್ತೇ ಇರಲಿಲ್ಲ.

"ಹೊಗೆಸೊಪ್ಪು ಬೇಯ್ಸೋ ಕಾಲ. ಸೊಂಟ ನೋಯ್ತದೆ ಅಂತ ಹೇಳಕ್ಕೆ ಎದರ್ಕೊಂಡು, ಬೇಯ್ಸೋ ಮನೇಲಿ ನೇತಾಕಕ್ಕೆ ಕಡ್ಡಿಗೆ ಸೊಪ್ಪು ಕಟ್ತಾ ಕೂತೇ ಇದ್ದೆ. ಎದ್ದಾಗ ಸೀರೆಯೆಲ್ಲ ರಕ್ತ."

"ಯಾರಿಗೆ ಎದರ್ಕೊಂಡೆ?"

"ಅತ್ತೆ ಏನಂತಾರೋ ಅಂತ. ಆಮೇಲೆ ಅವ್ರೇ ನನ್ನ ತಬ್ಕೊಂಡು ಅತ್ರು. ಒಂದ್ ಮಾತು ಹೇಳ್ಬಾರ್ದಾಗಿತ್ತಾ ಅಂದ್ರು. ನೀನು ನಾಳೆ ಬಸ್ಸು ಅತ್ತಬ್ಯಾಡ."

ಸೋಮವಾರ ಬೆಳಿಗ್ಗೆ ನಮ್ಮ ಆಫೀಸಿನ ಮೇಡಂಗೆ ಫೋನ್ ಮಾಡಿದೆ. ಮೊದಲ ಸಲ ಅವರು ಹಲೋ ಅಂದ ಕೂಡಲೇ ಕಟ್ ಮಾಡಿದೆ. ಅವರೇ ತಿರುಗಿ ಮಾಡಿದರು.

"ಮೇಡಂ, ನನಗೆ ಐದು ತಿಂಗಳು. ಓಡಾಡಬಾರದು ಅಂದಿದ್ದಾರೆ. ಮನೆಯಿಂದ ಕೆಲಸ ಮಾಡ್ತೀನಿ. ಹೆರಿಗೆ ರಜೆ ಕೊಡಿ."

ಅವರು ಕೇಳಿದ್ದು ಇಷ್ಟೇ:

"ದಿನಾ ಇದನ್ನೇ ಓದ್ತಾ ಕೂತು ನಂಗೆ ಹೇಳೋಕೆ ಹೆದರಿದ್ರಾ?"

"ಹೂಂ ಮೇಡಂ."

"ಮಾತು ಕೊಡೋಕಾಗಲ್ಲ. ಲೆಟರ್ ಕಳಿಸಿ, ಮೇಲಿನವರನ್ನ ಕೇಳ್ತೀನಿ."

ಲೆಟರ್ ಕಳಿಸಿ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಎರಡು ವಾರ ಉತ್ತರವಿರಲಿಲ್ಲ. ಅಷ್ಟರಲ್ಲಿ ಒಂದು ಮಧ್ಯಾಹ್ನ ರಕ್ತ ಕಂಡಿತು. ನನ್ನ ಜೊತೆಗೇ ಉಳಿದಿದ್ದ ಅವ್ವ, ನನ್ನ ಗಂಡ ಇಬ್ಬರೂ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರವಿಟ್ಟು ಹುಡುಕುತ್ತಿದ್ದಷ್ಟು ಹೊತ್ತು ನಾನು ಅವ್ವನ ಕೈಯನ್ನು ಉಗುರು ನಾಟುವಂತೆ ಹಿಡಿದಿದ್ದೆ. ಕೊನೆಗೆ ಟಕಟಕ ಎಂದು ಮಗುವಿನ ಎದೆಬಡಿತ ಕೇಳಿಸಿತು. ಅವ್ವ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ಮೇಡಂ ಹಟ ಹಿಡಿದು ಪೂರ್ತಿ ಸಂಬಳದ ರಜೆ ಕೊಡಿಸಿದರು, ಕಾಂಟ್ರ್ಯಾಕ್ಟ್ ಮುಗಿಯುವವರೆಗೆ ಮಾತ್ರ. ಆಪರೇಷನ್ ಆಗಿ ಮಗಳು ಹುಟ್ಟಿದಳು. ಅವಳಿಗೆ ಮೂರು ತಿಂಗಳಾದಾಗ ಕೆಲಸ ಮುಗಿಯಿತು; ಮುಂದುವರಿಸಲಿಲ್ಲ.

ಈಗ ಬೇರೆ ಕೆಲಸ ಹುಡುಕುತ್ತಿದ್ದೇನೆ. ಇಂಟರ್‌ವ್ಯೂಗಳಲ್ಲಿ, "ಚಿಕ್ಕ ಮಕ್ಕಳಿದ್ದಾರಾ?" ಎಂದು ಕೇಳುತ್ತಾರೆ. ಇದ್ದಾಳೆ ಎಂದೇ ಹೇಳುತ್ತೇನೆ.